ನಾಲ್ಕು ಬೆರಳು ಜಾಗ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನಾನು ಪುಸ್ತಕ ಓದುವಂತೆ ನಟಿಸುತ್ತಿದ್ದೆ. ಪಕ್ಕದಲ್ಲಿ ಅಪರಿಚಿತ ಅತ್ತಿಗೆ-ನಾದಿನಿ ಇಬ್ಬರು ಬಟ್ಟೆಯ ಊಟದ ಚೀಲಗಳ ಹೊಲಿಗೆ ಬಿಚ್ಚುತ್ತಿದ್ದರು.

"ಮೂವತ್ತನ್ನೂ ಸುತ್ತ ಮುಚ್ಚಿಬಿಟ್ಟಿದೀರಲ್ಲ ಅತ್ತಿಗೆ! ಊಟಾನ ಇಂಜೆಕ್ಷನ್ನಲ್ಲಿ ತುಂಬೋದಾ?"

"ಸುಮ್ನೆ ಬಿಚ್ಚೇ, ಸಾಕಾಗಿದೆ. ನಾಳೆ ಶಾಲೆಯವರು ಚೀಲ ತಗೊಳ್ಳೋಕೆ ಬರ್ತಾರೆ."

"ಒಳಗಿಂದು ಹೊರಗೆ ತಿರುಗಿಸೋಕೆ ನಾಲ್ಕು ಬೆರಳು ಜಾಗ ಬಿಡೋದು ಮರೆತ್ರಾ?"

"ಬಿಟ್ಟಿದೀನಿ ಅಂದ್ಕೊಂಡೆ. ಸೀಮೆಸುಣ್ಣದ ಗುರುತು ಕಾಣ್ಲಿಲ್ಲ."

"ಬಿಳಿ ಬಟ್ಟೆಗೆ ಬಿಳಿ ಸೀಮೆಸುಣ್ಣ ಹಾಕಿದ್ರಾ?"

"ಇಲ್ಲ ಕಣೇ. ನೀಲಿದೇ ಹಾಕಿದ್ದೆ."

ನಾದಿನಿಯ ಕೈ ನಿಂತಿತು.

"ಅಣ್ಣಂಗೆ ಗೊತ್ತಾ?"

"ಗೊತ್ತಾದ್ರೆ ಮೆಷಿನ್ ಮಾರಿಬಿಡ್ತಾರೆ."

ಒಳಗಿನಿಂದ ಕರೆ ಬಂತು.

"ಡಾಕ್ಟರು ಹೊಲಿಗೆ ಬಿಡಿ ಅಂದ್ರೆ?"

"ಗುರುತಿನ ಮೇಲೆ ನೀನು ಬೆರಳಿಡು. ನಿನ್ನ ಬೆರಳು ತಾಗಿದ ಕಡೆ ನಿಲ್ಲಿಸ್ತೀನಿ."

ನಾದಿನಿ ಚೀಲಗಳನ್ನು ಬಾಚಿಕೊಂಡು, ಅತ್ತಿಗೆಯ ಮೊಣಕೈ ಹಿಡಿದು ಒಳಗೆ ಕರೆದೊಯ್ದಳು.