ಗುಲಾಬಿ ಹೂವಿನ ನಂಬರ

ಇಲ್ಲಕ್ಕಾ, ಇಲ್ಲ... ಆ ಕಡಿ ಹೋಗಬ್ಯಾಡ. ಇಲ್ಲೇ ಕುಂದ್ರು, ಪರಸಿ ಕಲ್ಲಿನ ಮ್ಯಾಲ, ತಣ್ಣಗ ಅದ. ಒಳಗಿನ ಖೋಲಿಗಿ ಕೀಲಿ ಹಾಕೀನಿ. ಇಲಿ ಭಾಳ ಆಗ್ಯಾವ, ಜ್ವಾಳದ ಚೀಲ ಕಡದು ಹಾಳ ಮಾಡ್ಯಾವ, ಅದಕ್ಕ ಔಷಧ ಇಟ್ಟೀನಿ. ವಾಸನಿಗಿ ನಿನಗ ಕೆಮ್ಮ ಬರ್ತದ. ಕುಂದ್ರು ಅಂದ್ನಲ್ಲ! ಚಿಂಚೋಳಿಯಿಂದ ಬಸ್ಸಿನ್ಯಾಗ ಧೂಳ ತಿಂದು ಬಂದೀದಿ, ಮೊದಲ ನೀರು ಕುಡಿ.

ಚಂದಿ? ಆಗಳೇ ಹೇಳಿದೆನಲ್ಲ, ವಾಡಿ ಊರಿಗಿ ಹೋಗ್ಯಾಳ ನಿನ್ನ ಮಗಳು. ಅಕಿ ಗೆಳತಿ ಬಸರಿ ಅದಾಳ, ಕುಬಸದ ಕಾರ್ಯ ಅದಂತ. ನಾಳಿ ಬರ್ತಾಳ, ನಾಡದ ಬರ್ತಾಳ, ನನಗೇನ್ ಗೊತ್ತು? ಏನು? ಚಪ್ಪಲಿ? ಹಾಂ, ಅಕಿವೇ ಅವ. ಹಳೇವು. ಹೊಸಾವು ಮೆಟ್ಕೊಂಡು ಹೋಗ್ಯಾಳ. ಚಪ್ಪಲಿ ಯಾಕ ನೋಡ್ತಿ ಯಂಕಕ್ಕಾ, ನನ್ನ ಮಾರಿ ನೋಡು!

ತುಳಜಾಬಾಯಿ ಫೋನ ಹಚ್ಯಾಳ ನಿನಗ. ಹೌದಿಲ್ಲ? ಬಾಜೂ ಮನಿಯಾಕಿ. ಗ್ವಾಡಿಗಿ ಕಿವಿ ಹಚ್ಚಿ ಕುಂದರೋದೇ ಅಕಿ ಕೆಲಸ. ಏನಂದ್ಲು? "ನಿನ್ನ ತಮ್ಮ ನಿನ್ನ ಮಗಳಿಗಿ ಹೊಡ್ದಾನ" ಅಂದ್ಲಾ? ಹೊಡ್ದೆ. ಹೌದು, ಹೊಡ್ದೆ! ಗಂಡಸು ಅದೀನಿ, ಹೊಡ್ದೆ. ನಿನ್ನ ಮುಂದ ಸುಳ್ಳ ಯಾಕ ಹೇಳಲಿ? ಅವ್ವ ಸತ್ತಾಗ ನನ್ನ ಬಗಲಾಗ ಹೊತ್ತು ಬೆಳಸಿದಾಕಿ ನೀ. ದೊಡ್ಡಾಂವ ಆದ ಮ್ಯಾಲ ನಿನ್ನ ಹೊಟ್ಯಾಗ ಹುಟ್ಟಿದಾಕಿನ್ನೇ ನನಗ ಕೊಟ್ಟಿ. "ಸಾಬಣ್ಣಾ, ಹೊರಗಿನವರಿಗಿ ಕೊಡೋದಕ್ಕಿಂತ ನಿನ್ನ ಕೈಯಾಗಿದ್ರ ನನಗ ನಿದ್ದಿ ಬರ್ತದ" ಅಂದಿದ್ದಿ. ಅಂದಿದ್ದಿ ಇಲ್ಲ?

ಹಂಗ ನೋಡಬ್ಯಾಡಕ್ಕಾ. ಮಾತಾಡು. ಬೈಯೋದಿದ್ರ ಬೈ. ಆ ಬಾಗಿಲ ಕಡಿ ಯಾಕ ತಿರುಗ್ತಿ?

ಒದರ್ತೀನೇನು ನಾ? ಇಲ್ಲ, ನನ್ನ ದನಿನೇ ಹಿಂಗ. ದಿನಾ ಆ ಪಾಲಿಶ್ ಮಷೀನಿನ ಮುಂದ ನಿಂತು ನಿಂತು ಕಿವಿ ಮಂದ ಆಗ್ಯಾವ, ಸಣ್ಣಗ ಮಾತಾಡ್ಲಿಕ್ಕೆ ಬರಂಗಿಲ್ಲ. ಶಹಾಬಾದದಾಗ ಕಲ್ಲಿನ ಕೆಲಸದವರು ಎಲ್ಲಾರೂ ಹಿಂಗೇ ಒದರ್ತಾರ. ಕೇಳು ಬೇಕಾದ್ರ.

ತಡಿ, ನಿನಗ ತೋರಸ್ತೀನಿ. ನೋಡಿದ ಮ್ಯಾಲ ನೀನೇ ಹೇಳ್ತಿ, ಇನ್ನಾ ನಾಕು ಹಾಕಬೇಕಾಗಿತ್ತು ಅಂತ. ಇದು... ಇದೇ ನೋಡು ಮನಿ ಮುರದದ್ದು. ಸಸ್ತಾದಾಗ ಸಸ್ತಾ ಫೋನ. ಒಂದು ಚಿತ್ರ ತಗದ್ರ ಮೆಮೊರಿ ಫುಲ್ ಅಂತದ, ಎರಡು ಮಾತಾಡೋದ್ರಾಗ ಕೈ ಸುಡ್ತದ. ಆದ್ರೂ ಸ್ಮಾರ್ಟ ಫೋನ ಅಲ್ಲೇನು? ನಾನೇ ಕೊಡಿಸಿದೆ. ಮನ್ಯಾಗ ಒಬ್ಬಾಕಿ ಇರ್ತಾಳ, ಅವ್ವನ ಮಾರಿ ನೋಡ್ಲಿ ಅಂತ, ನಿನ್ನ ಸಂಗಟ ಮಾತಾಡ್ಲಿ ಅಂತ... ನಾನೇ! ಈ ಕೈಲೇ!

ನಿನ್ನ ಮಗಳಿಗಿ ಅಕ್ಷರ ಬರಂಗಿಲ್ಲ. ಹೆಸರು ಬರದ್ರ ಹೆಂಗ ತಿಳೀಬೇಕು? ಅದಕ್ಕ ತುಳಜಾಬಾಯಿ ಹೆಸರಿನ ಜಾಗಾದಾಗ ಚಿತ್ರ ಹಾಕಿ ಕೊಟ್ಟಾಳ. ನೋಡು, ಎಮ್ಮಿ. ಎಮ್ಮಿ ಒತ್ತಿದ್ರ ಹಾಲಿನಾಕಿಗಿ ಹೋಗ್ತದ. ಬೇವಿನ ಗಿಡ, ಇದು ನೀನು, ನಿಮ್ಮ ಅಂಗಳದಾಗ ಅದಲ್ಲ ಅದಕ್ಕ. ಹೊಲಿಗಿ ಮಷೀನ, ಜಂಪರ ಹೊಲಿಯಾಕಿ. ಕಲ್ಲು... ಈ ಕಲ್ಲು ನಾನು. ಮತ್ಯಾರಿಗಿ ಕಲ್ಲು ಹಾಕ್ತಾರ? ಮೂರೂ ಹೊತ್ತು ಕಲ್ಲಿನ ಧೂಳಿನ್ಯಾಗ ಇರಾಂವ ನಾನೇ. ಕಲ್ಲಿಗಿ ಅಕಿ ಒಂದು ಮಾತು ಕಳಿಸಿಲ್ಲ. ಒಂದೂ ಇಲ್ಲ!

ಈಗ ಇದ ನೋಡು. ಗುಲಾಬಿ. ಗುಲಾಬಿ ಹೂವ! ಯಾರಿಗಿ ಹಾಕ್ತಾರ ಗುಲಾಬಿ? ಹೇಳು. ಎಮ್ಮಿ ಅಂದ್ರ ಹಾಲು, ಕಲ್ಲು ಅಂದ್ರ ಗಂಡ, ಗುಲಾಬಿ ಅಂದ್ರ ಯಾರು?

ಬರಿಯಾಕ ಬರಂಗಿಲ್ಲ ನೋಡು, ಅದಕ್ಕ ಈ ಮೈಕಿನ ಗುರುತು ಒತ್ತಿ ಬಾಯಿಲೇ ಮಾತಾಡಿ ಕಳಿಸ್ಯಾಳ. ಎಷ್ಟು ಅವ ನೋಡು, ಮ್ಯಾಲ, ಇನ್ನಾ ಮ್ಯಾಲ... ಮುಗಿಯಂಗೇ ಇಲ್ಲ! ಕೇಳು. ಕೇಳು ನಿನ್ನ ಮಗಳ ದನಿ. "ಉಂಡ್ರೇನ್ರಿ? ಬಾಯಿಗಿ ಬಟ್ಟಿ ಕಟ್ಕೋರಿ, ಧೂಳ ಒಳಗ ಹೋಗ್ತದ." ಕೇಳಿದಿ? ಇದು ಕೇಳು. "ಇವತ್ತ ಪುಂಡಿಪಲ್ಯ ಮಾಡೀನ್ರಿ. ಜಲ್ದಿ ಬರ್ರಿ." ಜಲ್ದಿ ಬರ್ರಿ ಅಂತ! ನಾ ಆ ಕಡಿ ಕಲ್ಲು ತಿಕ್ಕೋದು, ಇಲ್ಲಿ ನನ್ನ ಮನ್ಯಾಗ ಗುಲಾಬಿಗಿ ಪುಂಡಿಪಲ್ಯ!

ಯಾಕ ನಗ್ತಿ? ಅಕ್ಕಾ, ನೀ ನಗಾಕತ್ತೀದಿ ಏನು? ಇಲ್ಲ... ಕಣ್ಣಾಗ ನೀರು. ಅಳು. ಅಳಬೇಕು ಇಂಥಾ ಮಗಳನ್ನ ಹಡದದ್ದಕ್ಕ. ಆ ದನಿ ಹೆಂಗ ಅದ ಕೇಳಿದಿಲ್ಲ? ಬೆಲ್ಲದಂಗ. ಲಗ್ನ ಆದಾಗಿನಿಂದ ನನ್ನ ಸಂಗಟ ಒಮ್ಮಿ ಆ ದನಿಲೇ ಮಾತಾಡಿಲ್ಲ. ನಾ ಬಾಗಿಲದಾಗ ಬಂದ್ರ ತಲಿ ತಗ್ಗಿಸ್ತಾಳ, ತಾಟ ಇಡ್ತಾಳ, ಸರದು ನಿಂದರ್ತಾಳ. ಇಂಥಾ ದನಿ ಅಕಿ ಗಂಟಲದಾಗ ಅದ ಅಂತ ನನಗ ಗೊತ್ತೇ ಇರಲಿಲ್ಲ!

ಅದಕ್ಕೇ ಹೊಡ್ದೆ. ನಿನ್ನಿ ಸಂಜಿಗಿ ಬಂದೆ, ಈ ಫೋನ ಕಟ್ಟಿ ಮ್ಯಾಲ ಬಿದ್ದಿತ್ತು, ಒತ್ತಿ ನೋಡಿದೆ, ಕೇಳಿದೆ, ಹೊಡ್ದೆ. ಕೂದಲ ಹಿಡದು ಇಲ್ಲಿಂದ ಅಲ್ಲಿ ತನಕ ಎಳಕೊಂಡು ಹೋದೆ. "ಯಾರಂವ?" ಅಂದೆ. ಏನಂದ್ಲು ಗೊತ್ತೇನು? "ನೀವೇ" ಅಂದ್ಲು. ನನಗೇ ಚೇಷ್ಟಿ! ಬೆಲ್ಟ ತಗದೆ. ಅದು ಮಷೀನಿನ ಹಳೇ ಬೆಲ್ಟ, ರಬ್ಬರಿಂದು, ದಪ್ಪ. "ಯಾರಂವ?" "ನೀವೇರಿ, ನೀವೇ, ದೇವರಾಣಿ ನೀವೇ." ಮತ್ತ ಅದೇ ಮಾತು! ಸುಳ್ಳ ಹೇಳೋದಿದ್ರ ಜರ ನಂಬೋಹಂಗ ಹೇಳಬಾರದೇನು? ಅಕಿ ಅಂದಷ್ಟು ನನಗ ನೆತ್ತಿಗಿ ಏರ್ತು. ಹೊಡ್ದೆ. ಬಿದ್ಲು. ಎಬ್ಬಿಸಿ ಹೊಡ್ದೆ. ಗ್ವಾಡಿ ಮೂಲಿ ತಲಿಗಿ... ಅದು ಅಕಿನೇ ಹೋಗಿ ಬಡ್ಕೊಂಡ್ಲು. ನಾ ಬಡೀಲಿಲ್ಲ. ತಪ್ಪಿಸ್ಕೊಳ್ಳಾಕ ಹೋಗಿ ಬಡ್ಕೊಂಡ್ಲು.

ಹಾಂ? ವಾಡಿಗಿ... ಹೋದ್ಲು. ಆಮ್ಯಾಲ ಎದ್ದು ಹೋದ್ಲು. ಹೋಗಲಿಲ್ಲ ಅಂತ ನಾ ಎಲ್ಲಿ ಅಂದೆ?

ಬಿಡು ಅದು. ಕೇಳಿಲ್ಲಿ. ಗುಲಾಬಿಗಿ ನಾನೇ ಫೋನ ಹಚ್ಚಿದೆ, ಇದೇ ಫೋನಿಲೇ. ಸ್ವಿಚ್ ಆಫ್! ಮತ್ತ ಹಚ್ಚಿದೆ, ಮತ್ತ ಸ್ವಿಚ್ ಆಫ್! ಸುದ್ದಿ ಮುಟ್ಟಿ ಬಂದ ಮಾಡ್ಯಾನ ಭಾಡ್ಯಾ. ಧೂಳ ಅಂದಾಳಲ್ಲ, ಬಾಯಿಗಿ ಬಟ್ಟಿ ಅಂದಾಳಲ್ಲ? ಅಂದ್ರ ನಮ್ಮ ಕಲ್ಲಿನ ಮಂದ್ಯಾಗೇ ಯಾವನೋ. ಮುಂಜಾನಿ ಕಾರ್ಖಾನಿಗಿ ಹೋದಾಂವನೇ ನನ್ನ ಸಂಗಟ ಕೆಲಸ ಮಾಡೋ ಬಸವಲಿಂಗನ ಕುತ್ತಿಗಿ ಹಿಡದೆ. ಅಂವ ಬಾಯಿಗಿ ಟವೆಲ್ ಕಟ್ಟಿದ್ದ, ಹೊಸಾದು, ಗುಲಾಬಿ ಬಣ್ಣದ್ದು. ಕಟಿಂಗ ಬ್ಲೇಡ ತಿರುಗಾಕತ್ತಿತ್ತು, ಅದರ ಮುಂದ ಅವನ ಮಾರಿ ಒತ್ತಿದೆ. ನೀರು ಸಿಡದು ಅವನ ಕಣ್ಣಾಗ ಹೋಗಾಕತ್ತಿತ್ತು. "ಹೇಳೋ, ನೀನೇ ಅಲ್ಲ?" ಅಂದೆ. ಅತ್ತ! ಮಂದಿ ಬಂದು ಬಿಡಿಸಿದ್ರು, ಇಲ್ಲಂದ್ರ ಇವತ್ತ ಅವನ ಮಾರಿ ಎರಡು ಹೋಳ. ಹೊರಗ ಹಾಕಿದ್ರು ನನಗ. ಹಾಕ್ಲಿ! ಅಂವ ಸಿಗೋ ತನಕ ಬಿಡಾಂವ ಅಲ್ಲ ನಾ. ಸಿಕ್ಕ ದಿನ ಅವನ ಎದಿ ಮ್ಯಾಲ ಪರಸಿ ಹೇರಿ, ಒಂದರ ಮ್ಯಾಲ ಒಂದು...

ಏನು? ಫೋನ ಕೊಡಲೇನು? ತಗೋ. ನಿನಗೂ ಹಚ್ಚಬೇಕು ಅನಸ್ತದೇನು? ಹಚ್ಚು. ಗುಲಾಬಿ ಒತ್ತು. ಹಚ್ಚಿ ಬೈ ಅವನಿಗಿ, ನಿನ್ನ ಬಾಯಿಲೇ ಬೈ. ಆದ್ರ ಹತ್ತಂಗಿಲ್ಲ, ಸ್ವಿಚ್ ಆಫ್ ಅನ್...

ರಿಂಗ ಆಗಾಕತ್ತದ?

ಅಕ್ಕಾ, ನಿಂದರು. ಅಲ್ಲಿ ರಿಂಗ ಆಗೋದು ನನ್ನ ಫೋನು. ಚಾರ್ಜಿಗಿ ಹಚ್ಚಿದ್ದು. ನಿನ್ನಿ ದಿನಪೂರ್ತಿ ಕರೆಂಟ ಇರಲಿಲ್ಲ, ಸತ್ತು ಬಿದ್ದಿತ್ತು, ಈಗ ಜೀವ ಬಂದದ. ಯಾರೋ ಕಾರ್ಖಾನಿಯಿಂದ ಮಾಡ್ಯಾರ. ನೀ ಕಟ್ ಮಾಡು, ನಾ ಎತ್ತತೀನಿ... ನೀ ಕಟ್ ಮಾಡಿದಿ. ಇದೂ ಬಂದ ಆಯ್ತು.

ಇನ್ನೊಮ್ಮಿ ಹಚ್ಚು.

ಮತ್ತ ನನ್ನ ಫೋನೇ ರಿಂಗ ಆಗಾಕತ್ತದ... ಸಾಕು, ಕಟ್ ಮಾಡು! ಕಟ್ ಮಾಡಂದೆ!

ನಾನಾ? ಗುಲಾಬಿ... ನಾನಾ? ಸುಳ್ಳ. ಈ ಸಸ್ತಾ ಫೋನ ಏನರ ಗಲತ ಮಾಡಿರ್ತದ. ನಿನಗ ಗೊತ್ತಿತ್ತೇನು? ತುಳಜಾಬಾಯಿ ಹೇಳಿದ್ಲು? "ನಿನ್ನ ಗಂಡಗ ಯಾವ ಚಿತ್ರ ಹಾಕಲಿ" ಅಂತ ಕೇಳಿದ್ಲಂತೇನು? ಸೆರಗು ಬಾಯಿಗಿ ಹಿಡದು ನಕ್ಕು ಗುಲಾಬಿ ತೋರಿಸಿದ್ಲೇನು ನಮ್ಮ ಚಂದಿ? ತಲಿ ಅಲ್ಲಾಡಿಸಬ್ಯಾಡ ಹಂಗ! ಬಾಯಿ ಬಿಟ್ಟು ಹೇಳು! ಕಲ್ಲು ಮತ್ತ ಯಾರು? ನಮ್ಮ ಕಾರ್ಖಾನಿ ಮುಕಾದಮ ಭಗವಂತನ ನಂಬರ ಇರಬೇಕು ಕಲ್ಲು. ಹೂವಿನ ಚಿತ್ರ ಅಷ್ಟೇ ನೋಡಿದೆ, ನಂಬರ ನೋಡಲೇ ಇಲ್ಲ ನಾ. ನಾ ಕಲ್ಲು ಅಲ್ಲಾ...

ಹೆಸರು ಯಾಕ ಹಿಡಿಲಿಲ್ಲಕ್ಕಾ ಅಕಿ? ಅಷ್ಟೆಲ್ಲಾ ಮಾತಾಡ್ಯಾಳ, ಒಮ್ಮಿ "ಸಾಬಣ್ಣ" ಅಂದಿದ್ರ ಎಲ್ಲಾ ಮುಗೀತಿತ್ತಲ್ಲ. ಗಂಡನ ಹೆಸರು ಹಿಡಿಬಾರದು ಅಂತ ನೀನೇ ಕಲಿಸಿದಿ. ನೀನೇ! ಮಾರಿ ಮುಂದ ಮಾತಾಡಾಕ ಹೆದ್ರಿ, ಮಾರಿ ಕಾಣಲಾರದ ಫೋನಿನ್ಯಾಗ ಮಾತಾಡ್ಯಾಳ. ನನ್ನ ಫೋನಿನ್ಯಾಗ ಮಷೀನಿನ ನೀರು ಹೊಕ್ಕು ಅರ್ಧ ಸ್ಕ್ರೀನ ಕರ್ರಗಾಗ್ಯಾದ, ನೆಟ್ ಇಲ್ಲ, ಏನಿಲ್ಲ. ಒಂದೂ ಮುಟ್ಟಿಲ್ಲ ನನಗ. ನನಗೇ ಕರದಾಳ ಪುಂಡಿಪಲ್ಯಕ್ಕ. ಮೊನ್ನಿ ಉಂಡೆ ನಾ ಆ ಪಲ್ಯ. ಉಪ್ಪ ಕಮ್ಮಿ ಅಂತ ತಾಟ ಒದ್ದೆ.

"ನೀವೇ" ಅಂದ್ಲು. ಹೊಡ್ಯಾಕತ್ತಾಗೂ ನೀವೇ ಅಂದ್ಲು.

ಅಕ್ಕಾ... ಯಾಕ ಹಂಗ ಕುಂತೀದಿ? ಬಂದಾಗಿನಿಂದ ನೋಡಾಕತ್ತೀನಿ, ನೀರು ಮುಟ್ಟಿಲ್ಲ. ಆ ಬಾಗಿಲ ಕಡಿ ಕಿವಿ ಕೊಟ್ಟು ಕುಂತೀದಿ. ಗೊತ್ತಾಗ್ಯಾದ ನಿನಗ. ವಾಡಿ ಇಲ್ಲ, ಏನಿಲ್ಲ. ಒಳಗೇ ಅದಾಳ. ಇಲಿ ಔಷಧ ಇಟ್ಟಿಲ್ಲಕ್ಕಾ, ಆ ಮಾತು ಸುಳ್ಳ, ಅಕಿನ್ನ ಒಳಗ ಹಾಕಿ ಕೀಲಿ ಹಾಕೀನಿ. ಮಂದಿಗಿ ಕಾಣಬಾರದಂತ. ರಾತ್ರೆಲ್ಲಾ ನರಳಾಕತ್ತಿದ್ಲು, ನೀರು ಕೇಳಿದ್ಲು, ನಾ ಕೊಡಲಿಲ್ಲ. ಹೆಸರು ಹೇಳು, ಆಮ್ಯಾಲ ಕೊಡ್ತೀನಿ ಅಂದೆ. ಮುಂಜಾನಿ ಬಾಗಿಲಿಗಿ ಕಿವಿ ಹಚ್ಚಿದಾಗೂ ನರಳಾಕತ್ತಿದ್ಲು. ನಾ ಒದರಿ ಒದರಿ ಮಾತಾಡಿದ್ದು ಅದಕ್ಕೇ. ಅಕಿ ದನಿ ನಿನಗ ಕೇಳಬಾರದಂತ.

ಈಗ ಸುಮ್ಮ ಆಗೀನಿ ನೋಡು. ಸುಮ್ಮ ಅದೀನಿ.

...ಕೇಳಿಸ್ತದೇನು ನಿನಗ? ನನ್ನ ಕಿವಿ ಮಂದಕ್ಕಾ. ನಿನ್ನ ಕಿವಿ ಚಲೋ ಅವ. ನರಳೋದು ಕೇಳಿಸ್ತದಿಲ್ಲ?

ತಗೋ, ಕೀಲಿ ತಗೋ. ನೀನೇ ತಗಿ. ತಗಿ ಜಲ್ದಿ. ನೀರಿನ ಚಂಬು ಒಯ್ಯಿ. "ನಿನ್ನ ಗುಲಾಬಿ ಹೊರಗ ನಿಂತಾನ, ಇನ್ನ ಹೊಡ್ಯಂಗಿಲ್ಲ" ಅಂತ ಹೇಳು. ಹೇಳು ಅಕಿಗಿ.

ಅಕ್ಕಾ?

ಒಳಗ ಹೋಗಿ ಯಾಕ ಸುಮ್ಮ ಆದಿ? ಎಬ್ಬಿಸು. ಕುಡಿಸಿದೇನು ನೀರು? ನಾ ಬರಲೇನು? ಇಲ್ಲ, ನಾ ಬರಂಗಿಲ್ಲ, ನನ್ನ ನೋಡಿದ್ರ ಹೆದರ್ತಾಳ. ನೀ ಅಲ್ಲಿಂದೇ ಹೇಳು. ಬೈ ಬೇಕಾದ್ರ, ಒದರು, ಅಳು, ನನಗ ಕೇಳೋಹಂಗ ಜೋರಿಲೇ ಅಳು! ಯಂಕಕ್ಕಾ, ಕೈ ಮುಗೀತೀನಿ, ಜೀವ ಅದ ಅಂತ ಅಷ್ಟು ಹೇಳು... ಅಕ್ಕಾ?