ಚೀಲದ ಮೇಲಿದ್ದ ನಂಬರ್

ಹಲೋ... ಹಲೋ, ಯಾರು ಮಾತಾಡ್ತಿರೋದು? ಕಾಸ್ಟಿಕ್ ಸೋಡಾ ಚೀಲದ ಮೇಲೆ ಒಂದು ನಂಬರ್ ಇರುತ್ತಲ್ಲ, ಅಪಾಯ ಆದ್ರೆ ಫೋನ್ ಮಾಡಿ ಅಂತ, ಅದೇನಾ ಇದು?...

ಹಾಂ, ಆಗಿದೆ ಮೇಡಂ. ನಮ್ಮಕ್ಕನ ಮುಖಕ್ಕೆ ಹಾರಿದೆ. ಎರಡೂ ಕಣ್ಣಿಗೆ. ಈಗಷ್ಟೇ, ಎರಡು ನಿಮಿಷ ಆಗಿರಬಹುದು. ಆಂಬುಲೆನ್ಸಿಗೆ ಮಾಡ್ದೆ, ರಿಂಗಾಯ್ತು, ಯಾರೂ ಎತ್ತಲಿಲ್ಲ. ನೀವು ಎತ್ತಿದ್ರಿ...

ಜೋರಾಗಿ ಮಾತಾಡೋಕೆ ನಂಗೆ ಬರಲ್ಲ ಮೇಡಂ. ಇರೋದೇ ಇಷ್ಟು ಗಂಟಲು. ಹೂಂ, ನೋಡ್ತೀನಿ...

ಹೆಸರು ಯಾಕೆ ಈಗ? ಇಲ್ಲಿ ಎಲ್ರೂ ಮೂಕಿ ಅಂತ ಕರೀತಾರೆ. ಮಾತೇ ಆಡಲ್ಲ ಅಂತ. ಈಗ ಆಡ್ತಿದ್ದೀನಲ್ಲ, ಹಾಗೇ ಬರ್ಕೊಳ್ಳಿ...

ಜಾಗ... ಬಟ್ಟೆ ಸೋಪು ಮಾಡೋ ಶೆಡ್ಡು. ಲಾರಿ ತೂಗೋ ಕಟ್ಟೆ ಇದೆಯಲ್ಲ, ಅದರ ಎಡಕ್ಕೆ, ಹಳೇ ಟೈರ್ ಅಂಗಡಿ ಹಿಂದಿನ ಗಲ್ಲಿ. ನೀಲಿ ತಗಡಿನ ಗೇಟು. ನೀವೇ ಕಳಿಸ್ತೀರಾ ಗಾಡಿ? ಇನ್ನೊಂದು ಫೋನಿಂದ ಮಾಡ್ತೀರಾ? ಮಾಡಿ ಮೇಡಂ. ಇದನ್ನ ಮಾತ್ರ ಇಡಬೇಡಿ. ಚಾರ್ಜು ಬೇರೆ ಕಮ್ಮಿ ಇದೆ...

ಹಾಂ, ನೀರಿದೆ. ಬಚ್ಚಲಲ್ಲೇ ಇದ್ದೀವಿ. ನಲ್ಲಿ ಕೆಳಗೆ ಮುಖ ಹಿಡಿದಿದ್ದೀನಿ, ಫೋನ್ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟಿದ್ದೀನಿ...

ಇಲ್ಲ, ರೆಪ್ಪೆ ಬಿಗಿಯಾಗಿ ಮುಚ್ಕೊಂಡಿದ್ದಾಳೆ. ನಾನೇ ಬಿಡಿಸಬೇಕಾ? ಬೆರಳಲ್ಲಾ?... ಅಕ್ಕಾ, ಕೈ ತೆಗಿ. ಕೈ ತೆಗಿ ಅಂದೆ. ಬೈಯಿ, ಎಷ್ಟು ಬೇಕಾದ್ರೂ ಬೈಯಿ, ಕೈ ಮಾತ್ರ ತೆಗಿ... ಬಿಡಿಸ್ದೆ ಮೇಡಂ. ಒಳಗೆ ಬಿಳೀ ಚೂರಿದೆ, ಸಕ್ಕರೆ ಕಾಳಿನ ಹಾಗೆ...

ಉಜ್ಜಬಾರದಾ? ನೀರಲ್ಲೇ ಹೋಗಬೇಕಾ? ಸರಿ. ಮೂಗಿನ ಕಡೆಯಿಂದ ಕಿವಿ ಕಡೆಗೆ... ಒಂದಾದ ಮೇಲೆ ಇನ್ನೊಂದು... ಹೂಂ. ಅರ್ಧ ಗಂಟೆನಾ? ಪೂರ್ತಿ ಅರ್ಧ ಗಂಟೆನಾ ಮೇಡಂ?...

ಗಡಿಯಾರ ಎಲ್ಲಿದೆ ಇಲ್ಲಿ. ಇರಿ, ಅಕ್ಕ ಎಣಿಸ್ತಾಳೆ. ನಾವಿಬ್ರೂ ನಿಮಿಷಕ್ಕೆ ಹದಿನಾಲ್ಕು ಪೊಟ್ಟಣ ಸೀಲ್ ಮಾಡೋರು, ಹೆಚ್ಚಿಲ್ಲ, ಕಮ್ಮಿ ಇಲ್ಲ. ಕೈ ನಿಂತ್ರೂ ಆ ಲೆಕ್ಕ ನಿಲ್ಲಲ್ಲ. ಅಕ್ಕಾ, ಪೊಟ್ಟಣ ಎಣಿಸು. ಗಟ್ಟಿಯಾಗಿ. ನಾನೂರ ಇಪ್ಪತ್ತರ ತನಕ... ಕೇಳಿಸ್ತಾ? ಅವಳೇ ಅದು...

ಹಾಂ? ಆ ಸದ್ದು ಬಾಗಿಲಿಂದು. ಭಾವ ಒದೀತಿದ್ದಾರೆ. ಅಕ್ಕನ ಗಂಡ. ಸೋಪು ಬೆರೆಸೋ ಮೇಸ್ತ್ರಿ ಅವರೇ. ನಾನು ಚಿಲಕ ಹಾಕಿದ್ದೀನಿ...

ಅವರೇ ಮೇಡಂ ಮಾಡಿದ್ದು...

ಡ್ರಮ್ಮಿನ ತಳದಲ್ಲಿ ಸೋಡಾ ಗಟ್ಟಿ ಕಟ್ಟಿತ್ತು, ಕಲ್ಲಿನ ಹಾಗೆ. ಅಕ್ಕ ಅಂದ್ಳು, ಕೆರೆದು ತೆಗೀತೀನಿ, ಆಮೇಲೆ ಸ್ವಲ್ಪ ಸ್ವಲ್ಪ ನೀರಿಗೆ ಹಾಕ್ತೀನಿ ಅಂತ. ಅವಳದ್ದು ಯಾವಾಗ್ಲೂ ಅದೇ, ತಣ್ಣೀರು ಮೊದಲು, ಸೋಡಾ ಆಮೇಲೆ. ಭಾವಂಗೆ ಅಷ್ಟು ತಾಳ್ಮೆ ಎಲ್ಲಿ. ನಂಗೇ ಪಾಠ ಹೇಳ್ತೀಯಾ ಅಂತ ಕೆನ್ನೆಗೆ ಬಾರಿಸಿದ್ರು. ಕೆಲಸದ ಕನ್ನಡಕ ಹಾರಿ ಡ್ರಮ್ಮಿನ ಪಕ್ಕ ಬಿತ್ತು. ಇವಳು ಅದನ್ನ ಎತ್ಕೊಳ್ಳೋಕೆ ಬಗ್ಗಿದ್ಳು. ಅಷ್ಟರಲ್ಲಿ ಅವರು ಒಂದು ಬಕೆಟ್ ಬಿಸಿನೀರು ತಂದು ಸುರಿದೇ ಬಿಟ್ರು...

ಹೂಂ. ಸೋಡಾ ಮೇಲೆ ನೀರು. ಡ್ರಮ್ಮೇ ಕ್ಯಾಕರಿಸಿ ಉಗಿದ ಹಾಗಾಯ್ತು. ಒಂದೇ ಸಲ...

ಪ್ಯಾಕಿಂಗಿನವರೆಲ್ಲ ಊಟಕ್ಕೆ ಹೋಗಿದ್ದಾರೆ. ನಾವು ಮೂರೇ ಜನ. ನಾನು ಸೀಲ್ ಮಾಡೋ ಮೇಜಿನ ಹತ್ರ ಇದ್ದೆ. ಎಲ್ಲಾ ನೋಡ್ತಾ ಇದ್ದೆ. ನೋಡ್ತಾನೇ ಇದ್ದೆ ಮೇಡಂ. ಸುರೀಬೇಡಿ ಅನ್ನೋಕೆ ಬಾಯಿ ಬರಲಿಲ್ಲ...

ಬಟ್ಟೆನಾ? ಸೀರೆ ಬಿಚ್ಚಿ ಬಿಸಾಕ್ದೆ. ರವಿಕೆ ತೋಳು ಕತ್ತರಿಸ್ದೆ. ಜಡೆಯಲ್ಲಿ ಏನಾದ್ರೂ ಸಿಕ್ಕೊಂಡಿರುತ್ತಾ? ಬಿಚ್ಚಿ ತೊಳೀಬೇಕಾ? ಸರಿ, ಸರಿ... ಅಕ್ಕಾ ನಿಲ್ಲಿಸಬೇಡ, ಎಣಿಸು. ಐವತ್ತಾರಾ? ಮುಂದೆ...

ಅವರೇನೋ ಕೂಗ್ತಿದ್ದಾರೆ, ಇರಿ... ವಿನೆಗರ್ ಅಂತಿದ್ದಾರೆ. ಚಿಲಕ ತೆಗಿ, ವಿನೆಗರ್ ತಂದಿದ್ದೀನಿ, ಎರಡು ಹನಿ ಕಣ್ಣಿಗೆ ಬಿಟ್ರೆ ಸೋಡಾ ಸತ್ತುಹೋಗುತ್ತೆ ಅಂತ. ಇಲ್ಲಿ ಅದೇ ರೂಢಿ ಮೇಡಂ. ಡ್ರಮ್ಮಿನ ಪಕ್ಕ ಮೊಳೆಗೆ ಒಂದು ವಿನೆಗರ್ ಬಾಟ್ಲಿ ನೇತು ಹಾಕಿರ್ತಾರೆ. ಯಾರ ಕೈ ಸುಟ್ರೂ ಅದರಲ್ಲಿ ಅದ್ದೋದು. ಭಾವ ಅದಕ್ಕೆ ನಮ್ಮ ಡಾಕ್ಟ್ರು ಅಂತಾರೆ. ಅದೇ ಹೆಸರು ಆ ಬಾಟ್ಲಿಗೆ...

ಹಾಕಬಾರದು ತಾನೇ? ಎರಡೂ ಸೇರಿದ್ರೆ ಇನ್ನೂ ಬಿಸಿ ಏರುತ್ತಾ? ನಂಗೆ ಅನಿಸಿತ್ತು. ಅದ್ದಿದವರು ಯಾರೂ ಹಾಯಾಯ್ತು ಅಂದಿದ್ದು ನಾನು ನೋಡಿಲ್ಲ, ಎಲ್ರೂ ಹಲ್ಲು ಕಚ್ಚೋರೇ. ಅದಕ್ಕೇ ಚಿಲಕ ಹಾಕಿದ್ದು...

ಹೂಂ, ಓದೋಕೆ ಬರುತ್ತೆ, ಏಳನೇ ಕ್ಲಾಸು. ಆಮೇಲೆ ಬಿಟ್ಟೆ. ಓದೋಕೆ ಚೀಲ ಬಿಟ್ರೆ ಬೇರೇನಿದೆ ಇಲ್ಲಿ. ಖಾಲಿಯಾದ ಚೀಲನ ಒಳಹೊರಗೆ ತಿರುಗಿಸಿ ಹೊಲೀತಾರೆ ಮೇಡಂ, ಅಕ್ಷರ ಎಲ್ಲಾ ಒಳಗೆ ಹೋಗುತ್ತೆ. ಹೊಲಿಯೋಕೆ ಮುಂಚೆ ಈ ನಂಬರ್ ಇದ್ದ ತುಂಡು ಕತ್ತರಿಸಿ ಈ ನಲ್ಲಿ ಮೇಲೆ ಅಂಟಿಸಿದ್ದೆ. ಯಾಕೆ ಅಂತ ಅಕ್ಕ ಕೂಡ ಕೇಳಿರಲಿಲ್ಲ...

ಅಯ್ಯೋ... ಮೇಡಂ, ನಲ್ಲಿ ಸಣ್ಣಗಾಯ್ತು. ನಿಂತೇ ಹೋಯ್ತು. ಭಾವಾ! ವಾಲ್ವ್ ಮುಚ್ಚಿದ್ರಾ? ಭಾವಾ!... ಹೂಂ, ಅವರೇ. ನೀರು ನಿಂತ್ರೆ ಹೊರಗೆ ಬಂದೇ ಬರ್ತೀರಿ ಅಂತಿದ್ದಾರೆ. ಆಸ್ಪತ್ರೆಗೆ ಹೋದ್ರೆ ಕೇಳ್ತಾರಂತೆ, ಕಾಲು ಜಾರಿ ಬಿದ್ದೆ ಅಂತ ಅವಳು ಮೊದಲು ಒಪ್ಪಬೇಕಂತೆ. ಆಮೇಲೆ ನೀರಂತೆ...

ಇದೆ, ಇದೆ, ಎರಡು ಟಬ್ಬು ತುಂಬಾ ಇದೆ. ಸೋಡಾ ಮುಟ್ಟೋಕೆ ಮುಂಚೆ ದಿನಾ ತುಂಬಿಸಿಡ್ತಾಳೆ ಇವಳು. ಆನೆಗೆ ಸ್ನಾನ ಮಾಡಿಸ್ತೀಯೇನೇ ಅಂತ ಭಾವ ದಿನಾ ನಗೋರು... ಮಗ್ಗಲ್ಲಿ ಹುಯ್ತಿದ್ದೀನಿ. ನಿಧಾನಕ್ಕೆ. ಎಷ್ಟನೇದು ಅಕ್ಕಾ? ನೂರ ನಲವತ್ತು. ಹತ್ತು ನಿಮಿಷ ಆಯ್ತು ಮೇಡಂ. ಗಾಡಿ ಹೊರಟಿದೆಯಾ? ಹೊರಟಿದೆ ಅಂದ್ರೆ ಎಲ್ಲಿದೆ?...

ಬಾಗಿಲು ಹಲಗೇದು. ಗಟ್ಟಿ ಅನ್ನೋ ಹಾಗೇನಿಲ್ಲ. ಸೋಪು ತಿರುಗಿಸೋ ಮರದ ಹುಟ್ಟು ತಂದು ಗುದ್ದುತಿದ್ದಾರೆ ಈಗ. ಕೊಲ್ತೀನಿ ಅಂತಿದ್ದಾರೆ. ಇಲ್ಲ, ಅವಳನ್ನಲ್ಲ, ನನ್ನ. ಮೂಕಿ, ನಿನ್ನ ನಾಲಿಗೆ ಕೀಳ್ತೀನಿ ಅಂತ. ಇಲ್ಲದ ನಾಲಿಗೇನ ಎಲ್ಲಿಂದ ಕೀಳ್ತಾರೋ...

ಅವರಿಗಾ? ಹಾಂ, ಅವರಿಗೂ ಬಿದ್ದಿದೆ. ಬಲಗೈ, ಮೊಣಕೈ ತನಕ. ವಿನೆಗರ್ ಹಾಕಿದಾಗ ಉರಿ ಅಂತ ಕುಣಿದ್ರಂತೆ, ಈಗೇನೂ ಇಲ್ಲವಂತೆ. ಸೋಪು ಹಚ್ಚಿದ ಹಾಗೆ ನುಣ್ಣಗೆ ಜಾರ್ತಿದೆ, ನನ್ನ ಕೈ ನೋಡೇ, ಏನೂ ಆಗಿಲ್ಲ, ಹೆಂಗಸ್ರದ್ದು ಬರೀ ನಾಟಕ ಅಂತ ಕೂಗ್ತಿದ್ದಾರೆ...

ಏನಂದ್ರಿ?... ಜಾರ್ತಿರೋದು ಸೋಪಲ್ವಾ?...

ಚರ್ಮನಾ? ಚರ್ಮದ ಕೊಬ್ಬೇ ಸೋಪಾಗ್ತಿದೆಯಾ?...

ಮೇಡಂ, ಒಂದು ಕೇಳ್ಲಾ. ಹೇಳದೇ ಇದ್ರೆ? ಅವರಿಗೆ ಇದನ್ನ ಹೇಳದೇ ಇದ್ರೆ ಏನಾಗುತ್ತೆ? ಎಷ್ಟು ಒಳಗೆ ಹೋಗುತ್ತೆ ಅದು?...

ಇಲ್ಲ, ಸುಮ್ನೆ ಕೇಳ್ದೆ...

ಗೊತ್ತು ಮೇಡಂ. ಅವರೂ ಮನುಷ್ಯರೇ ಅಂತ ನೀವು ಹೇಳ್ತೀರಿ, ಗೊತ್ತು. ನೀವು ಅವರ ಕೈ ನೋಡಿಲ್ಲ. ಇವತ್ತಿನದ್ದಲ್ಲ, ದಿನಾ ಅಕ್ಕನ ಮೇಲೆ ಎತ್ತೋ ಕೈ...

ಎಷ್ಟನೇದು ಅಕ್ಕಾ? ಅಕ್ಕಾ? ಯಾಕೆ ನಿಲ್ಲಿಸ್ದೆ? ಮೇಡಂ, ಇವಳು ಎಣಿಸ್ತಿಲ್ಲ. ನಡುಗ್ತಿದ್ದಾಳೆ, ಹಲ್ಲು ಕಟಕಟ ಅಂತಿದೆ. ಎಚ್ಚರ ಇದೆಯಾ ನಿಂಗೆ? ನೂರ ತೊಂಬತ್ತೆಂಟು ಅಂದಿದ್ದೆ, ಆಮೇಲೆ ಯಾವುದು? ನಿನ್ನ ತಂಗಿಗೆ ಲೆಕ್ಕ ಬರಲ್ಲ ಅಂತ ನೀನೇ ಹೇಳ್ತಿದ್ಯಲ್ಲ, ಈಗ ನೀನು ಎಣಿಸದೇ ಇದ್ರೆ ಯಾರು ಎಣಿಸ್ತಾರೆ?... ಹಾಂ. ನೂರ ತೊಂಬತ್ತೊಂಬತ್ತು. ಬಂತು ಮೇಡಂ, ಎಣಿಸ್ತಿದ್ದಾಳೆ...

ಒಂದು ಟಬ್ಬು ಖಾಲಿ. ಇನ್ನೊಂದು ಅರ್ಧಕ್ಕಿಂತ ಕೆಳಗೆ. ಕೆಳಗೆ ಹರಿದ ನೀರು ಮತ್ತೆ ತಗೋಬಾರದಲ್ವಾ? ಸೋಡಾ ಇರುತ್ತೆ ಅದರಲ್ಲಿ, ಅಲ್ವಾ? ಹಾಗಾದ್ರೆ ಸಾಲಲ್ಲ ಮೇಡಂ. ನಾನೂರ ಇಪ್ಪತ್ತಕ್ಕೆ ಸಾಲಲ್ಲ ಇದು...

ಹಲಗೆ ಒಡೀತು! ಒಂದು ಹಲಗೆ ಒಡೆದು ಕೈ ಒಳಗೆ ಹಾಕಿದ್ದಾನೆ. ಚಿಲಕಕ್ಕೆ ತಡಕಾಡ್ತಿದ್ದಾನೆ. ಅದೇ ಕೈ ಮೇಡಂ, ಸುಟ್ಟ ಕೈ. ಬೂದಿ ಬಣ್ಣ ಆಗಿದೆ. ಒದ್ದೆ ಕಾಗದದ ಹಾಗೆ ನೆರಿಗೆ ನೆರಿಗೆ... ಚಿಲಕ ಸಿಕ್ತು ಅವನಿಗೆ... ಇರಿ...

ಹೊಡ್ದೆ. ನೆಲ ಉಜ್ಜೋ ಬ್ರಷ್ಷಲ್ಲಿ ಹೊಡ್ದೆ ಮೇಡಂ. ಮೂರು ಸಲ. ಬಿಡಲಿಲ್ಲ ಅಂತ ಒತ್ತಿ ಎಳೆದೆ... ಚರ್ಮ ಬಂತು. ಬ್ರಷ್ಷಿಗೇ ಬಂತು. ಕೈಗವಸು ಕಳಚಿದ ಹಾಗೆ, ಮಣಿಕಟ್ಟಿನ ತನಕ. ರಕ್ತ ಕೂಡ ಇಲ್ಲ ಅಲ್ಲಿ, ಬಿಳಿ, ಬರೀ ಬಿಳಿ...

ಇಲ್ಲ, ಅಳ್ತಿಲ್ಲ. ಕೈ ಹಿಂದಕ್ಕೆ ಎಳ್ಕೊಂಡ್ರು. ಈಗ ನೋಡ್ಕೊಳ್ತಿದ್ದಾರೆ. ಒಡೆದ ಹಲಗೆ ಸಂದಿಯಲ್ಲಿ ಕಾಣ್ತಿದೆ. ಇಷ್ಟು ಹೊತ್ತೂ ನೋಡಿರಲಿಲ್ಲ ಅನ್ಸುತ್ತೆ ಅವರು, ಬರೀ ಕೂಗ್ತಿದ್ರು...

ಹೇಳ್ತೀನಿ. ಹೂಂ, ಹೇಳ್ತೀನಿ ಮೇಡಂ, ನೀವು ಇರಿ...

ಭಾವಾ! ಕೇಳಿ ಇಲ್ಲಿ! ಅದು ಸೋಪಲ್ಲ, ನಿಮ್ಮ ಚರ್ಮ! ವಿನೆಗರ್ ಕೆಳಗಿಡಿ! ನೀರು ಹಿಡೀಬೇಕು ಅದಕ್ಕೆ, ಅರ್ಧ ಗಂಟೆ, ಬಿಡದೇ! ಹಿಡೀದಿದ್ರೆ ಎಲುಬಿನ ತನಕ ತಿನ್ನುತ್ತೆ, ಅಂತ ಹೇಳ್ತಿದ್ದಾರೆ, ಫೋನಲ್ಲಿ ದೊಡ್ಡವರು ಹೇಳ್ತಿದ್ದಾರೆ! ಅಂಗಳದ ನಲ್ಲಿಗೂ ಅದೇ ವಾಲ್ವ್! ಈ ನೀರು ನಿಲ್ಲಿಸಿದ್ರೆ ನಿಮ್ಮ ನೀರೂ ನಿಲ್ಲುತ್ತೆ! ನಂಗೆ ಬಾಗಿಲು ಬೇಡ, ವಾಲ್ವ್ ತೆಗೀರಿ!...

ಕೇಳಿಸ್ತಾ ಮೇಡಂ ನಿಮಗೆ? ಅಷ್ಟು ಜೋರಾಗಿತ್ತಾ? ನಾನೇ ಕೂಗಿದ್ದಾ ಅದು... ಅಕ್ಕ ಎಣಿಸೋದು ನಿಲ್ಲಿಸಿ ನನ್ನ ಕಡೆ ಮುಖ ತಿರುಗಿಸಿದ್ಳು. ತಿರುಗಬೇಡ ಮಾರಾಯ್ತಿ, ನೀರು ಕಿವಿಗೆ ಹೋಗುತ್ತೆ. ಎಣಿಸು...

ಹೋದ್ರು. ಹೆಜ್ಜೆ ಸದ್ದು ಕೇಳ್ತು. ಎಲ್ಲಿಗೆ ಹೋದ್ರೋ ಗೊತ್ತಿಲ್ಲ. ಗೇಟಿಗೋ, ವಾಲ್ವಿಗೋ... ಆರು ಮಗ್ಗು ಇರಬಹುದು ಇನ್ನು. ಐದು. ಟಬ್ಬು ವಾಲಿಸಿ ಬಳೀತಿದ್ದೀನಿ...

ಎರಡು...

ಇದೇ ಕೊನೇದು ಮೇಡಂ. ಎಡಗಣ್ಣಿಗೆ ಹಾಕ್ಲಾ ಬಲಗಣ್ಣಿಗಾ? ಹೇಳಿ ಬೇಗ. ಎಡಗಣ್ಣು ಪೂರ್ತಿ ಹಾಲು ಬಿದ್ದ ಹಾಗಿದೆ. ಬಲದಲ್ಲಿ ಇನ್ನೂ ಕಪ್ಪು ಕಾಣ್ತಿದೆ. ಯಾವುದಕ್ಕೆ?... ನೀವು ಹೇಳಿ, ನಾನು ಹೇಗೆ... ಬಲಗಣ್ಣಿಗೆ. ಸರಿ. ಬಲಗಣ್ಣಿಗೇ...

ಕೊಳವೆ ಗೊರಗೊರ ಅಂತಿದೆ. ಮೇಡಂ... ಬಂತು! ನೀರು ಬಂತು! ನಲ್ಲಿ ಬಂತು ಮೇಡಂ! ತೆಗೆದ್ರು ಅವರು... ಅಕ್ಕಾ, ಇಲ್ಲಿ, ಮುಖ ಇಲ್ಲಿ ಇಡು. ಅಂಗಳದಲ್ಲಿ ಕಿರುಚ್ತಿರೋದು ಅವರೇ. ಉರಿ ಈಗ ಗೊತ್ತಾಗ್ತಿದೆ ಅನ್ಸುತ್ತೆ. ಕಿರುಚಲಿ, ನೀರಿನ ಕೆಳಗೆ ನಿಂತು ಕಿರುಚಲಿ...

ಮುನ್ನೂರ ಅರವತ್ತಮೂರಂತೆ. ಎಷ್ಟು ನಿಮಿಷ ಅದು? ಇಪ್ಪತ್ತಾರು ಅಲ್ವಾ? ಗಾಡಿ ಸದ್ದು ಇನ್ನೂ ಕೇಳ್ತಿಲ್ಲ. ಗಾಡಿಯೊಳಗೂ ನೀರು ಹುಯ್ತಾನೇ ಇರಬೇಕಾ? ಸರಿ, ಟಬ್ಬು ತುಂಬಿಸ್ಕೊಂಡೇ ಹತ್ತಿಸ್ತೀನಿ. ಸೀರೆ ಇಲ್ಲ ಇವಳಿಗೆ, ನಂದು ದುಪಟ್ಟಾ ಇದೆ, ಹೊದಿಸ್ತೀನಿ...

ಆಸ್ಪತ್ರೆಯವರು ಕೇಳಿದ್ರೆ? ಯಾರು ಹೇಳ್ಬೇಕು? ನಾನೇ ಹೇಳ್ತೀನಿ. ಜಾರಿ ಬಿದ್ದಿದ್ದಲ್ಲ ಅಂತ. ಕನ್ನಡಕ ಯಾಕೆ ಬಿತ್ತು ಅನ್ನೋದ್ರಿಂದ ಶುರು ಮಾಡ್ತೀನಿ. ನೋಡಿದ್ದು ನಾನಲ್ವಾ...

ಏನೋ ಹೇಳ್ತಿದ್ದಾಳೆ, ಇರಿ... ಏನಕ್ಕಾ? ಜೋರಾಗಿ... ಏನಂದೆ? ಇನ್ನೊಂದು ಸಲ ಹೇಳು...

ಮೇಡಂ. ನನ್ನ ಜಡೆ ಬಿಚ್ಚಿದೆ ಅಂತಿದ್ದಾಳೆ. ಕಟ್ಕೊಳ್ಳೇ, ಡ್ರಮ್ಮಿಗೆ ಬೀಳುತ್ತೆ ಅಂತ. ನಾನು ಹೇಳಿರಲಿಲ್ಲ ಮೇಡಂ, ನಂಗೇ ಗೊತ್ತಿರಲಿಲ್ಲ, ಈಗ ಮುಟ್ಟಿ ನೋಡ್ಕೊಂಡೆ, ಬಿಚ್ಚಿದೆ. ನಿಜವಾಗ್ಲೂ ಬಿಚ್ಚಿದೆ...

ಬಲಗಣ್ಣು. ಹೂಂ, ಬಲದ್ದರಲ್ಲೇ ಕಂಡಿದ್ದು. ಎಡ... ಎಡಗಣ್ಣಲ್ಲಿ ಏನು ಕಾಣುತ್ತೆ ಅಕ್ಕಾ? ಬಲಗಣ್ಣು ಮುಚ್ಚಿ ಹೇಳು... ಮೇಡಂ, ಬಲಗಣ್ಣು ಮುಚ್ಚೋಕೆ ಒಪ್ತಿಲ್ಲ...

ನೀವು ಫೋನ್ ಇಡಬೇಡಿ. ಪೀಂ ಪೀಂ ಅಂತಿರೋದು ಚಾರ್ಜು. ನಾನೂರು ಆಯ್ತಂತೆ. ಇಪ್ಪತ್ತು ಉಳಿದಿದೆ ಅಷ್ಟೇ. ಅದಾದ್ರೂ ನಿಲ್ಲಿಸಲ್ಲ ನಾನು. ಗೇಟಿನ ಹತ್ರ ಏನೋ ಸದ್ದು, ಗಾಡಿ ಇರಬೇಕು. ಅಕ್ಕಾ, ನೀನು ಎಣಿಸು, ನಾನು ಕೂಗ್ತೀನಿ. ಇಲ್ಲಿ! ಇಲ್ಲಿದ್ದೀವಿ! ಬಚ್ಚಲಲ್ಲಿ! ಒಳಗೆ ಬ—