ಎಣ್ಣೆ ಒರೆಸಿದ ಬಟ್ಟೆಗಳು

ಹೇಳಿಕೆ ಕೊಡುವವಳ ಹೆಸರು: ದಡದಲ್ಲಿ ಎಲ್ಲರೂ ಕರೆಯುವಂತೆ ಉಜ್ಜಕ್ಕ. ವಯಸ್ಸು: ನಲವತ್ತಾರು. ಕಸುಬು: ಬಣ್ಣ, ವಾರ್ನಿಷ್ ಹಚ್ಚುವ ಮೊದಲು ದೋಣಿಗಳನ್ನು ಕೆರೆದು, ಉಜ್ಜಿ ಹದ ಮಾಡುವುದು. ವಾಸ: ದೋಣಿ ಶೆಡ್ಡುಗಳ ಹಿಂದಿನ ಓಣಿ, ಕೊನೆಯ ಮನೆ.

ಈ ದಿನ ಮಧ್ಯಾಹ್ನ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನಿನ್ನೆ ಸಂಜೆ ದೋಣಿ ಯಜಮಾನರ ಶೆಡ್ಡಿಗೆ ಬೆಂಕಿ ಹಚ್ಚಿದನೆಂದು ತಾವು ಹಿಡಿದಿಟ್ಟಿರುವವನು ನನ್ನ ಒಡಹುಟ್ಟಿದ ತಮ್ಮ. ನಾವಿಬ್ಬರೂ ಜೊತೆಯಲ್ಲೇ ಕೆಲಸ ಮಾಡುತ್ತೇವೆ. ಅವನಿಗೆ ಸಿಡುಕ ಎಂಬ ಅಡ್ಡಹೆಸರಿರುವುದು ನಿಜ. ಬೆಂಕಿ ಅವನು ಹಚ್ಚಿದ್ದಲ್ಲ.

ದೋಣಿಯನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆದು, ಹಳೆಯ ವಾರ್ನಿಷ್ ಕೆರೆದು, ಮರದ ಎಳೆ ಹೋದ ದಿಕ್ಕಿಗೇ ಪಾಲಿಷ್ ಪೇಪರಿನಿಂದ ಉಜ್ಜಲು ನಮಗೆ ಒಂದು ವಾರ ಹಿಡಿಯಿತು. ನಿನ್ನೆ ಬೆಳಿಗ್ಗೆ ಯಜಮಾನರು ಬಂದು, ನಾಳೆ ದೋಣಿ ಕೊಳ್ಳುವವರು ಬರ್ತಾರೆ, ಇವತ್ತೇ ಅಗಸೆ ಎಣ್ಣೆ ಕುಡಿಸಿ ಎಂದರು. ತಮ್ಮನು ಹಲಗೆಗೆ ಕೆನ್ನೆಯಿಟ್ಟು ನೋಡಿ, ಇನ್ನೂ ಪಸೆ ಇದೆ, ಎರಡು ದಿನ ಬಿಡಿ ಎಂದನು. ಕೆನ್ನೆಗೆ ತಂಪು ತಗುಲಿದರೆ ಮರ ಒಣಗಿಲ್ಲವೆಂದು ಅರ್ಥ. ಯಜಮಾನರು ಒಪ್ಪಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಮಾಡೋಕೆ ನಾವ್ಯಾಕೆ ಬೇಕು, ನಿಮ್ಮ ದೋಣಿಗಿಷ್ಟು ಬೆಂಕಿ ಹಾಕ ಎಂದು ತಮ್ಮನು ಕೂಗಿದ್ದು ನಿಜ. ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೇಳಿದ್ದಾರೆ. ಚಪ್ಪಲಿ ಕಿತ್ತುಹೋದರೂ ಅದಕ್ಕಿಷ್ಟು ಬೆಂಕಿ ಹಾಕ ಎನ್ನುವವನು ಅವನು. ಆಮೇಲೆ ಗೊಣಗಿಕೊಂಡೇ ನನ್ನೊಂದಿಗೆ ಎಣ್ಣೆ ಹಚ್ಚಿದನು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ನಮ್ಮ ಕಸುಬಿನಲ್ಲಿ ಮುದ್ದೆ ಮಾಡಿ ಇಡುವುದಿಲ್ಲ. ಒತ್ತಿ ಇಟ್ಟರೆ ಒಳಗೊಳಗೇ ಬಿಸಿಯಾಗಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ಹಗ್ಗದ ಮೇಲೆ ಹರವುತ್ತೇವೆ. ನಿನ್ನೆಯೂ ಹಾಗೇ ಹರವಿ, ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋದೆವು. ಬೀಗದ ಕೈ ಯಜಮಾನರ ಬಳಿ ಇತ್ತು. ನಾಲ್ಕೂವರೆಗೆ ತಮ್ಮನು, ಮರ ಎಣ್ಣೆ ಎಳ್ಕೊಂಡಿದೆಯಾ ನೋಡಿ ಬರ್ತೀನಿ ಎಂದು ಎದ್ದನು. ಅಷ್ಟು ಜಗಳವಾಡಿದ ಮೇಲೂ ಅವನಿಗೆ ಆ ಮರದ್ದೇ ಚಿಂತೆ. ಶೆಡ್ಡಿಗೆ ಬೀಗವಿದ್ದುದರಿಂದ ಕಿಟಕಿಯಲ್ಲಿ ಇಣುಕಿ ಹಿಂದಿರುಗಿದನು. ಇಣುಕಿದ್ದನ್ನು ಕಂಡವರಿದ್ದಾರೆ. ಐದಕ್ಕೆ ಶೆಡ್ಡು ಉರಿಯುತ್ತಿತ್ತು. ಅವನ ಜೇಬಿನಲ್ಲಿ ಬೀಡಿ, ಬೆಂಕಿಪೊಟ್ಟಣ ಸಿಕ್ಕವು. ಜೀಪು ಹತ್ತುವಾಗ ಅವನು ನನ್ನ ಮುಖ ನೋಡಿದನು. ಆ ಗಳಿಗೆಯಲ್ಲಿ ನಾನೂ ಅವನ ಮೇಲೆ ಅನುಮಾನಪಟ್ಟು ತಲೆ ತಗ್ಗಿಸಿದೆ.

ಇಂದು ಬೆಳಿಗ್ಗೆ ಯಜಮಾನರು ಸುಟ್ಟ ಶೆಡ್ಡಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಬರೋರು ಏನಂದ್ಕೊಂಡಾರು ಅಂತ ನಿಮ್ಮ ಚಿಂದಿನೆಲ್ಲ ಹಗ್ಗದಿಂದ ತೆಗೆದು ನಾನೇ ಬುಟ್ಟಿಗೆ ತುರುಕಿ ದೋಣಿ ಕೆಳಗೆ ತಳ್ಳಿದ್ದೆ ಉಜ್ಜಕ್ಕ, ಶೆಡ್ಡು ಎಷ್ಟು ಚೊಕ್ಕಟವಾಗಿತ್ತು ಎಂದು ಅತ್ತರು. ಬೆಂಕಿ ಆ ಬುಟ್ಟಿಯಿಂದಲೇ ಹತ್ತಿದ್ದೆಂದು ನಾನು ಬಿಡಿಸಿ ಹೇಳಿದಾಗ, ತಮ್ಮನ್ನ ಉಳಿಸೋಕೆ ಕಥೆ ಕಟ್ಟಬೇಡ ಎಂದರು.

ಅಲ್ಲಿಂದ ನೇರ ಠಾಣೆಗೆ ಓಡಿ ಬಂದೆ. ಬೆಂಕಿ ತಾನಾಗೇ ಹತ್ತುತ್ತೇನಮ್ಮ ಎಂದು ಸಾಹೇಬರು ನಕ್ಕರು. ನಾಲ್ಕು ಗಂಟೆಗೆ ತಮ್ಮನನ್ನು ಕೋರ್ಟಿಗೆ ಕಳಿಸುವುದಾಗಿ ತಿಳಿಸಿದರು. ಹೋದರೆ ಅವನು ಹೊರಬರುವ ದಾರಿಯಿಲ್ಲ, ನಮಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ. ಆದಕಾರಣ ನಾನು ಮನೆಗೆ ಹೋಗಿ, ಅಲ್ಲಿ ಉಳಿದಿದ್ದ ಅಗಸೆ ಎಣ್ಣೆಯನ್ನು ಹಳೆಯ ಬಟ್ಟೆಗಳಿಗೆ ಹಚ್ಚಿ, ತಗಡಿನ ಬಕೆಟ್ಟಿಗೆ ಒತ್ತಿ ತುಂಬಿ, ಬಿಸಿಲಲ್ಲಿಟ್ಟು, ಎರಡು ಗಂಟೆಗೆ ಮತ್ತೆ ಬಂದಿದ್ದೇನೆ. ಬಕೆಟ್ಟು ಈ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದೆ. ನಾತ ಎಂದು ಪೇದೆಯವರು ಎರಡು ಸಲ ಹೊರಗೆ ಹಾಕಲು ಬಂದರು. ಅವರ ಕಾಲು ಹಿಡಿದು ಇಲ್ಲೇ ಇಟ್ಟುಕೊಂಡೆ.

ಇಷ್ಟನ್ನೂ ಬರೆದುಕೊಂಡವರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಓದುವಾಗ ಬಕೆಟ್ಟಿನೊಳಗೆ ಕೈಯಿಟ್ಟುಕೊಂಡಿದ್ದೆ. ಮೊದಲು ಬರೀ ಬಿಸಿಲ ಬಿಸಿಯಿತ್ತು, ಈಗ ಸುಡುತ್ತಿದೆ. ಸಾಹೇಬರೇ, ನಾಲ್ಕಾಗುವ ಮೊದಲು ತಾವೂ ಒಮ್ಮೆ ಕೈಯಿಟ್ಟು ನೋಡಬೇಕು.

ಸ್ಥಳ: ಠಾಣೆಯ ಮುಂದಿನ ಕೋಣೆ.
ದಿನಾಂಕ: ಬೆಂಕಿಯ ಮರುದಿನ, ಮೂರೂಮುಕ್ಕಾಲು ಗಂಟೆ.
ಸಹಿ: ಉಜ್ಜಕ್ಕ

(ಎಡಗೈ ಸಹಿ. ಹೇಳಿಕೆದಾರಳು ಬಲಗೈಯನ್ನು ಬಕೆಟ್ಟಿನಿಂದ ತೆಗೆಯಲಿಲ್ಲ.)